ಟ್ಯಾನ್ ಎಕ್ಸ್ ಬಿಡಿಸಿದರೆ ನಡುವೆ ಕಂಬಗಳು ನಿಲ್ಲುತ್ತಿವೆ: ಟಿಕಿಂಟರ್ ಕ್ಯಾನ್ವಾಸ್‌ನಲ್ಲಿ ವಕ್ರರೇಖೆಗಳು

ಗೆರೆಗಾರ

ಪೈಥಾನ್ 3, ಟಿಕಿಂಟರ್ (ಪೈಥಾನ್‌ನಲ್ಲಿ ಕಿಟಕಿ, ಬಟನ್ ಮಾಡುವ ಲೈಬ್ರರಿ), ವಿಂಡೋಸ್. ಮೇಲೊಂದು ಎಂಟ್ರಿ ಪೆಟ್ಟಿಗೆ, ಅದರಲ್ಲಿ ಸೂತ್ರ ಬರೆದು ಎಂಟರ್ ಒತ್ತಿದರೆ ಕೆಳಗಿನ ಕ್ಯಾನ್ವಾಸ್‌ನಲ್ಲಿ ವಕ್ರರೇಖೆ ಮೂಡಬೇಕು. ಕ್ಯಾನ್ವಾಸ್ 600 × 400 ಪಿಕ್ಸೆಲ್. ಎಕ್ಸ್ −10ರಿಂದ 10, ವೈ −5ರಿಂದ 5. ಎಕ್ಸ್‌ಗೆ ಪ್ರತಿ ಸಲ 0.1 ಕೂಡಿಸುತ್ತಾ, ಹಿಂದಿನ ಬಿಂದುವಿನಿಂದ ಈಗಿನ ಬಿಂದುವಿಗೆ ಕ್ರಿಯೇಟ್‌ಲೈನ್‌ನಿಂದ ಒಂದೊಂದು ಗೆರೆ ಎಳೆಯುತ್ತಿದ್ದೇನೆ. ಸೈನ್ ಎಕ್ಸ್ ಚೆನ್ನಾಗಿ ಬಂತು. ಮಿಕ್ಕವು ಹೀಗಿವೆ.

ಟ್ಯಾನ್ ಎಕ್ಸ್‌ನಲ್ಲಿ ಮೇಲಿಂದ ಕೆಳಗಿನವರೆಗೆ ಆರು ಕಂಬಗಳು. 3 ತ್ರಿಜ್ಯದ ವೃತ್ತ ಮೊಟ್ಟೆಯಾಗಿದೆ. ಮೇಲಿನ ಅರ್ಧ, ಕೆಳಗಿನ ಅರ್ಧ ಎಂದು ವರ್ಗಮೂಲದಿಂದ ಎರಡು ಸಲ ಬಿಡಿಸಿದ್ದು, ಎಡ ತುದಿಯಲ್ಲಿ ಕೂಡಿಯೂ ಇಲ್ಲ. 4 ಸೈನ್ 8ಎಕ್ಸ್ ಮೊನಚು ಮೊನಚಾಗಿ ಬಂತು ಅಂತ ಎಲ್ಲ ಬಿಂದುಗಳನ್ನು ಒಂದೇ ಗೆರೆಗೆ ಕೊಟ್ಟು ಸ್ಮೂತ್ ಆನ್ ಮಾಡಿದೆ. ನಯವಾಯಿತು, ಆದರೆ ಅಲೆಯ ತಲೆ 4ರ ಗೆರೆಯನ್ನು ಮುಟ್ಟುತ್ತಿಲ್ಲ. ಸ್ಲೈಡರ್ ಇಟ್ಟು ಗುಣಕ ಬದಲಿಸಿದರೆ ಮೊದಲು ಸರಾಗ, ಎರಡು ನಿಮಿಷದಲ್ಲಿ ಎತ್ತಿನಗಾಡಿ. ಯಾವುದರಿಂದ ಶುರು ಮಾಡಲಿ?

ತ್ರಿಜ್ಯ

ಮೊಟ್ಟೆಯಿಂದ. ಅದು ಸುಲಭ, ಮತ್ತು ಅದು ಸರಿಯಾಗದೆ ಉಳಿದವನ್ನು ಅಳೆಯೋಕೆ ಆಗಲ್ಲ.

600 ಪಿಕ್ಸೆಲ್‌ಗೆ 20 ಮಾನ, ಅಂದರೆ ಅಡ್ಡಕ್ಕೆ ಒಂದು ಮಾನಕ್ಕೆ 30 ಪಿಕ್ಸೆಲ್. 400ಕ್ಕೆ 10 ಮಾನ, ಅಂದರೆ ಉದ್ದಕ್ಕೆ 40. ನಿಮ್ಮ ವೃತ್ತ ಅಡ್ಡಕ್ಕೆ 90, ಮೇಲಕ್ಕೆ 120 ಪಿಕ್ಸೆಲ್ ಹೋಗುತ್ತಿದೆ. ಎರಡರಲ್ಲಿ ಚಿಕ್ಕ ಅಳತೆಯನ್ನು, ಅಂದರೆ 30ನ್ನು, ಎರಡಕ್ಕೂ ಹಾಕಿ. ಆಗ ವೈ ವ್ಯಾಪ್ತಿ 400 ÷ 30, ಸುಮಾರು −6.67ರಿಂದ 6.67 ಆಗುತ್ತೆ.

ಪರಿವರ್ತನೆಯನ್ನು ಒಂದೇ ಕಡೆ, ಒಂದೇ ಫಂಕ್ಷನ್‌ನಲ್ಲಿ ಇಡಿ:

ಪರದೆಯ ಎಕ್ಸ್ = (ಎಕ್ಸ್ − ಎಕ್ಸ್‌ಕನಿಷ್ಠ) × ಅಳತೆ
ಪರದೆಯ ವೈ = (ವೈಗರಿಷ್ಠ − ವೈ) × ಅಳತೆ

ಎರಡನೆಯದರಲ್ಲಿ ಕಳೆಯುವ ಕ್ರಮ ತಿರುಗಿದೆ, ನೋಡಿ. ಕ್ಯಾನ್ವಾಸ್‌ನಲ್ಲಿ ವೈ ಕೆಳಕ್ಕೆ ಬೆಳೆಯುತ್ತದೆ. ಸೈನ್ ಬಿಡಿಸುವಾಗ ತಲೆಕೆಳಗಾದರೂ ಎಷ್ಟೋ ಸಲ ಗೊತ್ತಾಗಲ್ಲ, ಅದಕ್ಕೇ ಪರೀಕ್ಷೆಗೆ ಸೈನ್ ಬೇಡ. ಎಕ್ಸ್ ವರ್ಗ + ಎಕ್ಸ್ ಬಿಡಿಸಿ, ಎಡ ಬಲ ಮೇಲೆ ಕೆಳಗೆ ನಾಲ್ಕೂ ಬಯಲಾಗುತ್ತವೆ.

ಕಿಟಕಿ ದೊಡ್ಡದು ಚಿಕ್ಕದು ಮಾಡಿದಾಗಲೂ ಸರಿ ಇರಬೇಕೆಂದರೆ ಅಗಲ ಎತ್ತರವನ್ನು ಕಾನ್ಫಿಗರ್ ಘಟನೆಯಿಂದ ತೆಗೆದುಕೊಳ್ಳಿ. ಕಿಟಕಿ ಪರದೆಗೆ ಬರುವ ಮೊದಲೇ ಕ್ಯಾನ್ವಾಸ್‌ನ ಅಗಲ ಕೇಳಿದರೆ ಟಿಕಿಂಟರ್ 1 ಅನ್ನುತ್ತದೆ. ಆ 1ನ್ನು ನಂಬಿ ಲೆಕ್ಕ ಹಾಕಿದರೆ ಇಡೀ ಚಿತ್ರ ಎಡಮೇಲಿನ ಮೂಲೆಯಲ್ಲಿ ಒಂದು ಚುಕ್ಕಿಯಾಗುತ್ತೆ. ಕ್ಯಾನ್ವಾಸ್‌ನ ಹೈಲೈಟ್‌ಥಿಕ್‌ನೆಸ್ ಮತ್ತು ಬಾರ್ಡರ್ ಎರಡನ್ನೂ 0 ಮಾಡಿ, ಇಲ್ಲದಿದ್ದರೆ ಅಂಚಿನ ಒಂದೆರಡು ಪಿಕ್ಸೆಲ್ ಅದರಡಿ ಅಡಗುತ್ತವೆ.

ಶೂನ್ಯಬಿಂದು

ಕಂಬದ ವಿಷಯ. ನಿಮ್ಮ ಬಿಂದುಗಳಲ್ಲಿ 1.5 ಮತ್ತು 1.6 ಅಕ್ಕಪಕ್ಕ ಬರುತ್ತವೆ. ಟ್ಯಾನ್ 1.5 ಅಂದರೆ 14.10. ಟ್ಯಾನ್ 1.6 ಅಂದರೆ −34.23. ನಡುವೆ 1.5708ರಲ್ಲಿ ಫಂಕ್ಷನ್ ಮೇಲಕ್ಕೆ ಹಾರಿಹೋಗಿ ಕೆಳಗಿನಿಂದ ಬಂದಿದೆ. ಪಾಪ, ನಿಮ್ಮ ಪ್ರೋಗ್ರಾಮ್‌ಗೆ ಅದು ಗೊತ್ತಿಲ್ಲ, ಎರಡು ಚುಕ್ಕಿ ಕೊಟ್ಟಿರಿ, ಅದು ಗೆರೆ ಎಳೆಯಿತು. ಇಲ್ಲಿ ಕೆಲಸವೆಲ್ಲ ಪೆನ್ನು ಎತ್ತುವುದು ಯಾವಾಗ ಅನ್ನುವುದರಲ್ಲಿದೆ.

ಟ್ರೈ-ಎಕ್ಸೆಪ್ಟ್ (ದೋಷ ಬಂದರೆ ಹಿಡಿಯುವ ಸಾಲುಗಳು) ಹಾಕಿದರೆ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪೈಥಾನ್‌ನಲ್ಲಿ ಪೈ ಭಾಗ 2ರ ಟ್ಯಾನ್ ಕೇಳಿ, ದೋಷ ಬರುವುದಿಲ್ಲ. ಸುಮಾರು 1.633 × 10ರ ಘಾತ 16 ಎಂಬ ಸಂಖ್ಯೆ ಬರುತ್ತದೆ. ಪೈಯನ್ನು ಫ್ಲೋಟ್ (ಕಂಪ್ಯೂಟರ್‌ನ ದಶಮಾಂಶ ಸಂಖ್ಯೆ) ಆಗಿ ಇಡುವಾಗಲೇ ಅದು ಕೂದಲೆಳೆ ಕಡಿಮೆಯಾಗಿರುತ್ತೆ. 1 ಭಾಗ ಎಕ್ಸ್‌ನಲ್ಲಿ ಎಕ್ಸ್ ಸರಿಯಾಗಿ 0 ಆದರೆ ಮಾತ್ರ ಸೊನ್ನೆಯಿಂದ ಭಾಗಿಸಿದ ದೋಷ ಸಿಗುತ್ತದೆ. 0.1 ಕೂಡಿಸುತ್ತಾ ಬಂದವರಿಗೆ ಸರಿಯಾದ 0 ಸಿಗುವುದು ಅದೃಷ್ಟ.

"ಒಂದು ಬಿಂದು ಕಿಟಕಿಯ ಮೇಲೆ, ಮುಂದಿನದು ಕಿಟಕಿಯ ಕೆಳಗೆ ಇದ್ದರೆ ಪೆನ್ನು ಎತ್ತು" ಅನ್ನುವುದು ಎಲ್ಲರೂ ಮೊದಲು ಬರೆಯುವ ನಿಯಮ. ಟ್ಯಾನ್‌ಗೆ ನಡೆಯುತ್ತದೆ. ಆದರೆ ತುಂಬಾ ಕಡಿದಾದ, ಅಖಂಡವಾದ ರೇಖೆಗಳನ್ನೂ ಇದು ಕತ್ತರಿಸುತ್ತದೆ: 500 × (ಎಕ್ಸ್ − 0.05) ಬಿಡಿಸಿ, ನಡುವಿನ ಗೆರೆಯೇ ಮಾಯ. ಮೆಟ್ಟಿಲಿನಂತೆ 1ರಿಂದ 2ಕ್ಕೆ ಜಿಗಿಯುವ ಫ್ಲೋರ್ ಎಕ್ಸ್ ಥರದವಕ್ಕೆ ಕೈಕೊಡುತ್ತದೆ, ಅಲ್ಲಿ ಎರಡೂ ಬಿಂದು ಕಿಟಕಿಯ ಒಳಗೇ ಇವೆ.

ನಂಬಬಹುದಾದ ವಿಧಾನ ಅರ್ಧ ಮಾಡುತ್ತಾ ಹೋಗುವುದು. ಜಿಗಿತ ದೊಡ್ಡದಾಗಿ ಕಂಡ ಕಡೆ ನಡುವಿನ ಬಿಂದು ತೆಗೆದುಕೊಳ್ಳಿ, ಎರಡು ಅರ್ಧಗಳಲ್ಲಿ ಜಿಗಿತ ಹೆಚ್ಚಿರುವುದನ್ನು ಆರಿಸಿ, ಮತ್ತೆ ಅರ್ಧ ಮಾಡಿ. ಟ್ಯಾನ್‌ನಲ್ಲಿ ಏನಾಗುತ್ತದೆ ನೋಡಿ: 1.5ರಿಂದ 1.6ರ ಜಿಗಿತ 48. ನಡುವಿನ 1.55ರಲ್ಲಿ ಬೆಲೆ 48.08, ಹಾಗಾಗಿ 1.55ರಿಂದ 1.6ರ ಜಿಗಿತ 82. ಮತ್ತೆ ಅರ್ಧ ಮಾಡಿದರೆ 1.575ರಲ್ಲಿ ಸುಮಾರು −238, ಜಿಗಿತ 286. ಅಂತರ ಕಿರಿದಾದಷ್ಟೂ ಜಿಗಿತ ಬೆಳೆಯುತ್ತಿದೆ. ಫ್ಲೋರ್‌ನಲ್ಲಿ ಜಿಗಿತ ಬೆಳೆಯುವುದೂ ಇಲ್ಲ, ಇಳಿಯುವುದೂ ಇಲ್ಲ, 1ರಲ್ಲೇ ಕೂತಿರುತ್ತದೆ. ಅಖಂಡ ರೇಖೆ ಎಷ್ಟೇ ಕಡಿದಾಗಿರಲಿ, ಒಂದಲ್ಲ ಒಂದು ಹಂತದಲ್ಲಿ ಜಿಗಿತ ಇಳಿಯುತ್ತದೆ. ಹತ್ತು ಸಲ ಅರ್ಧ ಮಾಡಿದ ಮೇಲೂ ಇಳಿಯದಿದ್ದರೆ ಪೆನ್ನು ಎತ್ತಿ.

ಇನ್ನೊಂದು: ಪೈಥಾನ್‌ನ ಗಣಿತ ಮಾಡ್ಯೂಲ್ ಋಣಸಂಖ್ಯೆಯ ವರ್ಗಮೂಲಕ್ಕೆ, ಲಾಗ್‌ಗೆ ದೋಷ ಎಸೆಯುತ್ತದೆ. ನಮ್‌ಪೈ ಎಂಬ ಲೆಕ್ಕದ ಲೈಬ್ರರಿ ಎಚ್ಚರಿಕೆ ಕೊಟ್ಟು ನ್ಯಾನ್ ("ಸಂಖ್ಯೆಯಲ್ಲ" ಎಂಬ ಗುರುತು) ಹಿಂತಿರುಗಿಸುತ್ತದೆ. ಎರಡನ್ನೂ "ಇಲ್ಲಿ ಬಿಂದು ಇಲ್ಲ" ಎಂದೇ ಓದಿ. ಆದರೆ ಎಕ್ಸ್‌ನ ಘಾತ 1/3 ಮಾತ್ರ ಮೋಸ ಮಾಡುತ್ತದೆ. ಪೈಥಾನ್ 3ರಲ್ಲಿ −8ಕ್ಕೆ ಅದು −2 ಕೊಡುವುದಿಲ್ಲ, ದೋಷವನ್ನೂ ಕೊಡುವುದಿಲ್ಲ, ಮಿಶ್ರಸಂಖ್ಯೆ (ಕಾಂಪ್ಲೆಕ್ಸ್ ನಂಬರ್) ಕೊಡುತ್ತದೆ. ಆಮೇಲೆ ಹೋಲಿಕೆ ಮಾಡುವ ಸಾಲಿನಲ್ಲಿ ಟೈಪ್ ದೋಷ ಬಂದು ತಲೆ ಕೆರೆದುಕೊಳ್ಳುವಂತಾಗುತ್ತದೆ. 3.11ರಿಂದ ಸಿಬಿಆರ್‌ಟಿ ಎಂಬ ಘನಮೂಲದ ಫಂಕ್ಷನ್ ಇದೆ, ಅದನ್ನು ಬಳಸಿ.

ಕಡಲತಡಿ_ಕೋಡ್

ಸ್ಮೂತ್ ಆನ್ ಮಾಡಿದ್ದು ಎಂತಕ್ಕೆ ಮಾರಾಯ್ರೆ! ಅದು ನಿಮ್ಮ ಬಿಂದುಗಳ ಮೂಲಕ ಹೋಗುವ ರೇಖೆಯೇ ಅಲ್ಲ.

ಚುಕ್ಕಿ ರಂಗೋಲಿಯಲ್ಲಿ ಗೆರೆ ಚುಕ್ಕಿಯಿಂದ ಚುಕ್ಕಿಗೆ ಹೋಗ್ತದೆ. ಎಳೆ ರಂಗೋಲಿಯಲ್ಲಿ ಎಳೆ ಚುಕ್ಕಿಯನ್ನು ಮುಟ್ಟದೆ ಪಕ್ಕದಿಂದ ಸುತ್ತಿ ಹೋಗ್ತದೆ. ಟಿಕೆಯ (ಟಿಕಿಂಟರ್‌ನ ಒಳಗೆ ನಿಜವಾಗಿ ಬಿಡಿಸುವ ಟೂಲ್‌ಕಿಟ್) ಸ್ಮೂತ್ ಎರಡನೇ ಜಾತಿಯದ್ದು. ಮೊದಲ ಬಿಂದು ಮತ್ತು ಕಡೆಯ ಬಿಂದು ಬಿಟ್ಟರೆ ಉಳಿದವೆಲ್ಲ ಬರೀ ಎಳೆಯುವ ಬಿಂದುಗಳು. ರೇಖೆ ಮುಟ್ಟುವುದು ಅಕ್ಕಪಕ್ಕದ ಬಿಂದುಗಳ ನಡುಮಧ್ಯವನ್ನು ಮಾತ್ರ.

ಲೆಕ್ಕ ಸುಲಭ ಉಂಟು. ಶಿಖರದ ಹತ್ತಿರ ರೇಖೆಯ ಎತ್ತರ = ಶಿಖರದ ಬಿಂದುವಿನ ಮುಕ್ಕಾಲು + ಎಡ ಬಲದ ಬಿಂದುಗಳ ತಲಾ ಎಂಟನೇ ಒಂದು. ಒಂದು ಅಲೆಗೆ ನಾಲ್ಕೇ ಬಿಂದು (0, 1, 0, −1) ಇದ್ದರೆ ಶಿಖರ 0.75ಕ್ಕೆ ನಿಲ್ತದೆ. ಎಂಟು ಬಿಂದು ಇದ್ದರೆ 0.927. ನಲವತ್ತು ಇದ್ದರೆ 0.997. ನಿಮ್ಮ 8ಎಕ್ಸ್‌ಗೆ 0.1ರ ಹೆಜ್ಜೆ ಅಂದರೆ ಅಲೆಗೆ ಹೆಚ್ಚುಕಡಿಮೆ ಎಂಟು ಬಿಂದು. 4ರ ಬದಲು 3.7ಕ್ಕೆ ತಲೆ ಬಾಗಿದ್ದು ಅದಕ್ಕೇ.

ನಯ ಬೇಕೇ ಬೇಕು ಅಂದರೆ ಸ್ಮೂತ್‌ಗೆ ಟ್ರೂ ಬದಲು ರಾ ಅಂತ ಕೊಡಿ. ಟಿಕೆ 8.5ರಿಂದ ಇದು ಉಂಟು. ಆಗ ಕೊಟ್ಟ ಬಿಂದುಗಳನ್ನು ಘನ ಬೆಜಿಯರ್ (ನಾಲ್ಕು ಬಿಂದುಗಳಿಂದ ರೂಪ ಪಡೆಯುವ ವಕ್ರ ತುಂಡುಗಳು) ಅಂತ ಓದ್ತದೆ: ಒಂದು ನಿಜವಾದ ಬಿಂದು, ಎರಡು ನಿಯಂತ್ರಕ, ಮತ್ತೆ ನಿಜವಾದ ಬಿಂದು, ಹೀಗೆ. ತುಂಡುಗಳ ಮೂರರಷ್ಟಕ್ಕೆ ಒಂದು ಸೇರಿಸಿದಷ್ಟು ಬಿಂದು ಬೇಕು. ನಿಯಂತ್ರಕಗಳನ್ನು ಊಹಿಸುವುದು ಬೇಡ. ತುಂಡಿನ ಅಗಲ ಎಚ್, ಎರಡು ತುದಿಯ ಇಳಿಜಾರು ಎಂ0 ಮತ್ತು ಎಂ1 ಆದರೆ:

ಮೊದಲ ನಿಯಂತ್ರಕ = (ಎಕ್ಸ್0 + ಎಚ್/3, ವೈ0 + ಎಚ್ × ಎಂ0/3)
ಎರಡನೆಯದು = (ಎಕ್ಸ್1 − ಎಚ್/3, ವೈ1 − ಎಚ್ × ಎಂ1/3)

ಇಳಿಜಾರು ಗೊತ್ತಿಲ್ಲದಿದ್ದರೆ ಎಕ್ಸ್‌ನ ಎರಡು ಬದಿಯಲ್ಲಿ ಒಂದು ಸಣ್ಣ ಅಂತರದಲ್ಲಿ ಬೆಲೆ ತೆಗೆದು ಭಾಗಿಸಿ. ಸೈನ್‌ಗೆ ಅಲೆಗೆ ಎಂಟೇ ತುಂಡು ಸಾಕು, 100 ಪಿಕ್ಸೆಲ್ ಎತ್ತರದ ಅಲೆಯಲ್ಲಿ ತಪ್ಪು 0.1 ಪಿಕ್ಸೆಲ್ ದಾಟುವುದಿಲ್ಲ.

ಗೆರೆಗಾರ

ಎಳೆ ರಂಗೋಲಿ ಹೋಲಿಕೆಯಿಂದ ಒಂದೇ ಏಟಿಗೆ ಅರ್ಥವಾಯಿತು. ಸ್ಮೂತ್ ತೆಗೆದೆ. ನೇರ ಗೆರೆಗಳೇ ಇರಲಿ ಅಂದರೆ ಎಷ್ಟು ಬಿಂದು ಬೇಕು? 2000 ಹಾಕಿದರೆ ಎಲ್ಲವೂ ಚೆಂದ ಕಾಣುತ್ತೆ, ಆದರೆ ಸ್ಲೈಡರ್ ಸತ್ತೇಹೋಗುತ್ತೆ.

ತ್ರಿಜ್ಯ

ನೇರ ಗೆರೆ ಎಂದರೆ ಜ್ಯಾ. ಜ್ಯಾದ ನಡುವಿನಿಂದ ಕಂಸಕ್ಕೆ ಇರುವ ಎತ್ತರಕ್ಕೆ ನಮ್ಮ ಹಳೆಯ ಗಣಿತದಲ್ಲಿ ಶರ ಅನ್ನುತ್ತಾರೆ, ಬಿಲ್ಲಿಗೆ ಹೂಡಿದ ಬಾಣ. ಆ ಶರ ಕಾಲು ಪಿಕ್ಸೆಲ್‌ಗಿಂತ ಕಡಿಮೆಯಾದರೆ ಕಣ್ಣಿಗೆ ಮೂಲೆ ಕಾಣುವುದಿಲ್ಲ. ಇಷ್ಟೇ ನಿಯಮ.

ವೃತ್ತಕ್ಕೆ: ತುಂಡುಗಳ ಸಂಖ್ಯೆ = ಪೈ × (ತ್ರಿಜ್ಯ ಭಾಗ ಶರದ ಎರಡರಷ್ಟು, ಅದರ ವರ್ಗಮೂಲ). ತ್ರಿಜ್ಯ 200 ಪಿಕ್ಸೆಲ್, ಶರ 0.25 ಅಂದರೆ 400ರ ವರ್ಗಮೂಲ 20, ಪೈಯಿಂದ ಗುಣಿಸಿದರೆ 63. ವೃತ್ತಕ್ಕೆ 360 ತುಂಡು ಹಾಕುವ ಅಭ್ಯಾಸ ಎಲ್ಲೆಲ್ಲೂ ಇದೆ, ಬರೀ ಡಿಗ್ರಿಯ ಮೋಹ. 63 ಸಾಕು.

ವೈ = ಎಫ್ ಎಕ್ಸ್ ರೀತಿಯವಕ್ಕೆ: ಶರ ಹೆಚ್ಚೆಂದರೆ ಹೆಜ್ಜೆಯ ವರ್ಗ × ಎರಡನೇ ಅವಕಲನ ÷ 8. 100 ಪಿಕ್ಸೆಲ್ ಎತ್ತರದ ಸೈನ್‌ಗೆ ಹೆಜ್ಜೆ 0.141 ರೇಡಿಯನ್, ಅಂದರೆ ಅಲೆಗೆ 45 ತುಂಡು. ಮೇಲೆ ಕಡಲತಡಿಯವರು ಎಂಟು ಬೆಜಿಯರ್ ತುಂಡು ಅಂದಿದ್ದನ್ನು ಇದಕ್ಕೆ ಹೋಲಿಸಿ. ನೇರ ಗೆರೆಯಲ್ಲಿ ಹೆಜ್ಜೆ ಅರ್ಧ ಮಾಡಿದರೆ ತಪ್ಪು ನಾಲ್ಕನೇ ಒಂದಾಗುತ್ತದೆ, ಬೆಜಿಯರ್‌ನಲ್ಲಿ ಹದಿನಾರನೇ ಒಂದು.

ವೃತ್ತದ ತುದಿ ಕೂಡದಿರುವುದಕ್ಕೂ ಉತ್ತರ ಇಲ್ಲೇ ಇದೆ. −10ಕ್ಕೆ 0.1ನ್ನು ಎಪ್ಪತ್ತು ಸಲ ಕೂಡಿಸಿದರೆ ಸರಿಯಾಗಿ −3 ಆಗುವುದಿಲ್ಲ. ಕೂದಲೆಳೆಯಷ್ಟು ಆಚೆ ಬಿದ್ದರೂ ವರ್ಗಮೂಲದೊಳಗೆ ಋಣಸಂಖ್ಯೆ, ಬಿಂದು ಹೋಯಿತು. ಮುಂದಿನ ಬಿಂದು −2.9, ಅಲ್ಲಿ ವೈ ಆಗಲೇ 0.768. 30ರ ಅಳತೆಯಲ್ಲಿ ಅದು 23 ಪಿಕ್ಸೆಲ್. ಮೇಲಿನ ಅರ್ಧಕ್ಕೂ ಕೆಳಗಿನ ಅರ್ಧಕ್ಕೂ ನಡುವೆ 46 ಪಿಕ್ಸೆಲ್ ಬಾಯಿ. ಬಿಂದು ಹೆಚ್ಚಿಸಿದರೂ ಬಾಯಿ ನಿಧಾನವಾಗಿಯೇ ಮುಚ್ಚುತ್ತದೆ, ಏಕೆಂದರೆ ಅಲ್ಲಿ ರೇಖೆ ನೆಟ್ಟಗೆ ನಿಂತಿದೆ. ವೃತ್ತವನ್ನು ವರ್ಗಮೂಲದಿಂದ ಬಿಡಿಸಬೇಡಿ, ಕೋಸೈನ್ ಟಿ, ಸೈನ್ ಟಿಯಿಂದ ಬಿಡಿಸಿ.

ಧಾರವಾಡ_ಪೇಡಾ

ಸ್ಲೈಡರ್ ಯಾಕ ಸಾಯಾಕತ್ತೇತಿ ಅಂದ್ರ, ಕ್ಯಾನ್ವಾಸ್ ಅಂದ್ರ ಹಲಗಿ ಅಲ್ರೀ. ಎಳದ ಒಂದೊಂದು ಗೆರಿನೂ ಅದು ಒಂದೊಂದು ವಸ್ತು ಅಂತ ನೆನಪಿಟ್ಕೊಂಡಿರ್ತದ. ಒಂದ ಸಲ ಬಿಡಿಸಿದ್ರ 200 ವಸ್ತು. ಸ್ಲೈಡರ್ 50 ಸಲ ಸರಿದ್ರ 10,000. ಹಳೇ ಗೆರಿ ಮ್ಯಾಲೆ ಬಿಳಿ ಚೌಕ ಬಳದು ಮುಚ್ಚಿದ್ರೂ ಅವು ಒಳಗ ಹಂಗ ಇರ್ತಾವ, ಪ್ರತಿ ಸಲನೂ ಮತ್ತ ಬಿಡಿಸ್ತದ.

ಹಿಂಗ ಮಾಡ್ರಿ. ಪ್ರೋಗ್ರಾಮ್ ಶುರು ಆದಾಗ ಒಂದ ಗೆರಿ ಮಾಡಿ ಅದರ ಐಡಿ ಇಟ್ಕೋರಿ. ಆಮ್ಯಾಲೆ ಪ್ರತಿ ಸಲ ಎಲ್ಲಾ ಬಿಂದುಗಳನ್ನ ಎಕ್ಸ್, ವೈ, ಎಕ್ಸ್, ವೈ ಅಂತ ಒಂದ ಸಾಲಿನ ಪಟ್ಟಿ ಮಾಡಿ ಕೋಆರ್ಡ್ಸ್ ಕರೀರಿ, ಅಷ್ಟ. ಹೊಸಾ ವಸ್ತು ಹುಟ್ಟಂಗಿಲ್ಲ. ಟ್ಯಾನ್ ಹಂಗ ತುಂಡು ತುಂಡಾಗಿದ್ರ ತುಂಡಿಗೊಂದು ಗೆರಿ. ಬ್ಯಾಡಾದವನ್ನ ಅಳಸಬ್ಯಾಡ್ರಿ, ಸ್ಟೇಟ್ ಹಿಡನ್ ಮಾಡಿ ಇಟ್ಕೋರಿ, ಮುಂದ ಬೇಕಾಗ್ತಾವ. ಒಂದ ಬಿಂದು ಇರೋ ತುಂಡು ಬಂದ್ರ ಬಿಟ್ಟಬಿಡ್ರಿ, ಗೆರಿಗೆ ಕಡಿಮಿ ಅಂದ್ರೂ ನಾಕು ಸಂಖ್ಯೆ ಬೇಕು, ಇಲ್ಲಾಂದ್ರ ದೋಷ ಹೊಡೀತದ.

ಇನ್ನೊಂದು, ಸ್ಲೈಡರ್ ಒಂಚೂರು ಸರಿದ್ರೂ ಕಮಾಂಡ್ ಓಡ್ತದ. ಅದರಾಗ ನೇರ ಬಿಡಿಸಬ್ಯಾಡ್ರಿ. ಆಫ್ಟರ್ ಅಂದ್ರ ಇಷ್ಟ ಹೊತ್ತಿನ ಮ್ಯಾಲೆ ಇದನ್ನ ಓಡಸು ಅನ್ನೋ ಬುಕಿಂಗ್. ಹಿಂದಿನ ಬುಕಿಂಗ್ ಇದ್ರ ಆಫ್ಟರ್‌ಕ್ಯಾನ್ಸಲ್ ಮಾಡಿ, 16 ಮಿಲಿಸೆಕೆಂಡಿಗೆ ಹೊಸಾ ಆಫ್ಟರ್ ಇಡ್ರಿ. ಕೈ ಎಷ್ಟ ಜೋರ ಸರಿದ್ರೂ ಬಿಡಿಸೋದು ಕಡೀ ಬೆಲಿ ಒಂದನ್ನ. ಹಾಂ, ಆ ಕಮಾಂಡಿಗೆ ಬರೋದು ಸಂಖ್ಯೆ ಅಲ್ಲ, ಅಕ್ಷರಮಾಲಿ. ಫ್ಲೋಟ್ ಮಾಡ್ಕೋರಿ.

ಟೈಮ್ ಸ್ಲೀಪ್ ಹಾಕಿ ರೇಖಿ ಮೆಲ್ಲಕ ಮೂಡಸೋ ಹುಚ್ಚು ಬ್ಯಾಡ. ಮೇನ್‌ಲೂಪ್ (ಕಿಟಕಿ ನಡಸೋ ಸುತ್ತು) ನಿಂತಬಿಡ್ತದ, ಕಿಟಕಿ ಉತ್ತರ ಕೊಡಂಗಿಲ್ಲ. ಅದಕ್ಕೂ ಆಫ್ಟರ್‌ನ.

ಶೂನ್ಯಬಿಂದು

ತ್ರಿಜ್ಯ ಅವರ ಶರದ ನಿಯಮಕ್ಕೆ ಒಂದು ತಕರಾರು ಇದೆ. ಎರಡನೇ ಅವಕಲನ ಗೊತ್ತಿದ್ದರೆ ಅದು ಸರಿ. ಬಳಕೆದಾರ ಪೆಟ್ಟಿಗೆಯಲ್ಲಿ ಏನು ಬರೆಯುತ್ತಾನೋ ಯಾರಿಗೆ ಗೊತ್ತು? ಈಗಿನ 0.1ರ ಹೆಜ್ಜೆಯಲ್ಲೇ ಸೈನ್ 63ಎಕ್ಸ್ ಬಿಡಿಸಿ ನೋಡಿ. −10ರಿಂದ 10ರೊಳಗೆ ಸುಮಾರು 200 ಅಲೆ ಬರಬೇಕು. ಪರದೆಯಲ್ಲಿ ಬರುವುದು ನಯವಾದ, ಸುಂದರವಾದ ಅರ್ಧ ಅಲೆ. 0.1ರ ಪ್ರತಿ ಹೆಜ್ಜೆಗೂ ಕೋನ 6.3 ರೇಡಿಯನ್ ಮುಂದೆ ಹೋಗುತ್ತದೆ, ಅಂದರೆ ಒಂದು ಪೂರ್ತಿ ಸುತ್ತು ಮತ್ತು 0.0168. ಪ್ರೋಗ್ರಾಮ್‌ಗೆ ಕಾಣುವುದು ಆ 0.0168 ಮಾತ್ರ. ಮೊನಚಾಗಿ ಕಂಡರೆ ಬಿಂದು ಸಾಲದು ಅಂತ ಗೊತ್ತಾಗುತ್ತದೆ. ನಯವಾಗಿ ಕಂಡ ಸುಳ್ಳನ್ನು ಯಾರೂ ಅನುಮಾನಿಸುವುದಿಲ್ಲ.

ಹಾಗಾಗಿ ಹೊಂದಿಕೊಳ್ಳುವ ಹೆಜ್ಜೆ ಬೇಕು. ಎರಡು ಬಿಂದುಗಳ ನಡುವೆ ಒಂದು ಬಿಂದು ತೆಗೆದು, ಅದು ನೇರ ಗೆರೆಯಿಂದ ಕಾಲು ಪಿಕ್ಸೆಲ್‌ಗಿಂತ ದೂರ ಇದ್ದರೆ ಎರಡೂ ಅರ್ಧಗಳಿಗೆ ಅದೇ ಪರೀಕ್ಷೆ. ಅಳೆಯುವುದು ಪಿಕ್ಸೆಲ್‌ನಲ್ಲಿ, ಮಾನದಲ್ಲಿ ಅಲ್ಲ. ಇಲ್ಲದಿದ್ದರೆ ಜೂಮ್ ಮಾಡಿದಾಗ ಮತ್ತೆ ಮೂಲೆಗಳು ಕಾಣುತ್ತವೆ. ಇಲ್ಲಿ ಎರಡು ಗುಂಡಿಗಳಿವೆ.

ಒಂದು, ಸರಿಯಾಗಿ ನಡುಮಧ್ಯವನ್ನೇ ನೋಡಿದರೆ ಸಮಮಿತಿ ಮೋಸ ಮಾಡುತ್ತದೆ. ಸೈನ್ ಎಕ್ಸ್‌ಗೆ 0 ಮತ್ತು 4ಪೈ ತುದಿಗಳು, ನಡು 2ಪೈ: ಮೂರೂ ಸೊನ್ನೆ. "ನೇರ ಗೆರೆ, ಮುಗಿಯಿತು" ಎಂದುಬಿಡುತ್ತದೆ. ಮೊದಲಿಗೆ ಕಿಟಕಿಯ ಪ್ರತಿ 5 ಪಿಕ್ಸೆಲ್‌ಗೆ ಒಂದು ಬಿಂದು ಇಟ್ಟು ಶುರು ಮಾಡಿ, ಪರೀಕ್ಷೆಯ ಬಿಂದುವನ್ನು ಅರ್ಧದ ಬದಲು 0.43 ಭಾಗದಲ್ಲಿ ತೆಗೆಯಿರಿ.

ಎರಡು, ಆಳಕ್ಕೆ ಮಿತಿ ಇರಲಿ. ಸೈನ್ 1/ಎಕ್ಸ್ ಸೊನ್ನೆಯ ಹತ್ತಿರ ಎಂದೂ ತೃಪ್ತಿಯಾಗುವುದಿಲ್ಲ. ಎಂಟು ಹತ್ತು ಹಂತಕ್ಕೆ ನಿಲ್ಲಿಸಿ. ಆ ಜಾಗದಲ್ಲಿ ಒಂದು ಪಿಕ್ಸೆಲ್ ಅಗಲದೊಳಗೆ ನೂರಾರು ಅಲೆ ಇವೆ, ಯಾವ ಪರದೆಯೂ ತೋರಿಸಲಾರದು. ಮಸಿ ಬಳಿದಂತೆ ಕಂಡರೆ ಅದೇ ಸರಿಯಾದ ಚಿತ್ರ.

ಕುಂಚ_ಕ್ಯೂಟಿ

ಇಷ್ಟೆಲ್ಲ ಮಾಡುವ ಬದಲು ಕ್ಯೂಟಿಗೆ (ಟಿಕಿಂಟರ್‌ನಂಥದ್ದೇ ಇನ್ನೊಂದು, ದೊಡ್ಡ ಲೈಬ್ರರಿ) ಬನ್ನಿ ಅನ್ನುತ್ತೇನೆ. ವಿಂಡೋಸ್‌ನಲ್ಲಿ ಟಿಕೆ ಕ್ಯಾನ್ವಾಸ್‌ಗೆ ಆಂಟಿಏಲಿಯಾಸಿಂಗ್ (ಗೆರೆಯ ಅಂಚಿನ ಬಣ್ಣ ಮೆದುಗೊಳಿಸಿ ನಯವಾಗಿ ತೋರಿಸುವುದು) ಇಲ್ಲ, ಓರೆ ಗೆರೆಗಳು ಗರಗಸದ ಹಲ್ಲಿನಂತೆ ಕಾಣುತ್ತವೆ. ಕ್ಯೂಪೇಂಟರ್‌ನಲ್ಲಿ ಒಂದು ಸಾಲು ಬರೆದರೆ ಆಯಿತು. ಆ ಸಾಲು ಬರೆಯಲೇಬೇಕು, ತಾನಾಗಿ ಆನ್ ಇರುವುದಿಲ್ಲ.

ಬರುವವರು ಎಡವುವ ಕಡೆಗಳನ್ನೂ ಹೇಳಿಬಿಡುತ್ತೇನೆ. ವಿಜೆಟ್ ಮೇಲೆ ಬಿಡಿಸುವುದು ಪೇಂಟ್‌ಇವೆಂಟ್ ಒಳಗೆ ಮಾತ್ರ. ಬಟನ್ ಒತ್ತಿದ ಫಂಕ್ಷನ್‌ನಲ್ಲಿ ಬಿಡಿಸಲು ಹೋದರೆ ಕನ್ಸೋಲ್‌ನಲ್ಲಿ ಬೈಗುಳ, ಪರದೆ ಖಾಲಿ. ಬಟನ್‌ನಲ್ಲಿ ಬೆಲೆ ಬದಲಿಸಿ ಅಪ್‌ಡೇಟ್ ಕರೆಯಿರಿ. ಹತ್ತು ಸಲ ಕರೆದರೂ ಅದು ಒಟ್ಟುಗೂಡಿಸಿ ಒಮ್ಮೆ ಬಿಡಿಸುತ್ತದೆ, ಮೇಲೆ ಹೇಳಿದ ಆಫ್ಟರ್ ಕಸರತ್ತು ಬೇಕಿಲ್ಲ. ರೀಪೇಂಟನ್ನು ಪೇಂಟ್‌ಇವೆಂಟ್ ಒಳಗಿಂದ ಕರೆದರೆ ತನ್ನನ್ನೇ ಕರೆಯುತ್ತಾ ಕೂರುತ್ತದೆ.

ಪರಿವರ್ತನೆಗೆ ಪೇಂಟರ್‌ನ ಸ್ಕೇಲ್‌ಗೆ 30, −30 ಕೊಡಬಹುದು, ವೈ ತಾನೇ ಮೇಲ್ಮುಖವಾಗುತ್ತದೆ. ಆದರೆ 1 ದಪ್ಪದ ಪೆನ್ನು ಕೂಡ 30 ಪಿಕ್ಸೆಲ್ ದಪ್ಪವಾಗಿ ವಕ್ರರೇಖೆ ಹೆಬ್ಬಾವಿನಂತೆ ಬರುತ್ತದೆ. ಪೆನ್ನನ್ನು ಕಾಸ್ಮೆಟಿಕ್ ಮಾಡಿದರೆ ದಪ್ಪ ಪಿಕ್ಸೆಲ್‌ನಲ್ಲೇ ಉಳಿಯುತ್ತದೆ. ಅಕ್ಷಗಳ ಮೇಲಿನ ಅಂಕಿಗಳು ತಲೆಕೆಳಗಾಗುವುದಕ್ಕೂ ಆ ಋಣ ಚಿಹ್ನೆಯೇ ಕಾರಣ, ಅಂಕಿ ಬರೆಯುವ ಮೊದಲು ಪರಿವರ್ತನೆಯನ್ನು ಮರಳಿಸಿ. ದಪ್ಪ ರೇಖೆಗೆ ಜಾಯಿನ್ ಸ್ಟೈಲ್ ರೌಂಡ್ ಇಡಿ; ಮೈಟರ್ ಇಟ್ಟರೆ ಚೂಪಾದ ತಿರುವುಗಳಲ್ಲಿ ಮುಳ್ಳು ಏಳುತ್ತದೆ.

ಕಡಲತಡಿ_ಕೋಡ್

ಒಂದು ಸೂತ್ರದ ಪೆಟ್ಟಿಗೆಗೆ ಕ್ಯೂಟಿ ಅಂದರೆ ಸೊಳ್ಳೆಗೆ ಫಿರಂಗಿ. ವಿಂಡೋಸ್‌ನಲ್ಲಿ ಪೈಥಾನ್ ಹಾಕಿದರೆ ಟಿಕಿಂಟರ್ ಜೊತೆಗೇ ಬರ್ತದೆ. ಗರಗಸ ಕಣ್ಣಿಗೆ ಚುಚ್ಚಿದರೆ ಪಿಲ್ಲೋ ಎಂಬ ಚಿತ್ರದ ಲೈಬ್ರರಿಯಲ್ಲಿ ನಾಲ್ಕು ಪಟ್ಟು ದೊಡ್ಡ ಚಿತ್ರಕ್ಕೆ 4 ಪಟ್ಟು ದಪ್ಪದ ಗೆರೆಯಲ್ಲಿ ಬಿಡಿಸಿ, ಲ್ಯಾಂಕ್‌ಜೋಸ್ ಸೋಸಿನಿಂದ ಕುಗ್ಗಿಸಿ ಕ್ಯಾನ್ವಾಸ್‌ನಲ್ಲಿ ಇಡಿ. ಆ ಫೋಟೋಇಮೇಜನ್ನು ಆಬ್ಜೆಕ್ಟಿನ ಒಂದು ಹೆಸರಿಗೆ ಕಟ್ಟಿ ಇಟ್ಟುಕೊಳ್ಳಿ. ಫಂಕ್ಷನ್ ಮುಗಿದ ಕೂಡಲೇ ಪೈಥಾನ್ ಅದನ್ನು ಕಸಕ್ಕೆ ಹಾಕಿದರೆ ಕ್ಯಾನ್ವಾಸ್ ಖಾಲಿ, ದೋಷವೂ ಬರುವುದಿಲ್ಲ. ಸ್ಲೈಡರ್ ಸರಿಯುವಾಗ ಮಾತ್ರ ಸಾದಾ ಗೆರೆ, ಬಿಟ್ಟ ಮೇಲೆ ನಯದ ಚಿತ್ರ ಮಾಡಿದರೆ ವೇಗವೂ ಉಳೀತದೆ.

ವಿಂಡೋಸ್‌ನಲ್ಲಿ ಇಡೀ ಕಿಟಕಿಯೇ ಮಸುಕಾಗಿ ಕಂಡರೆ ಅದು ಬೇರೆ ರೋಗ. 125% ಅಥವಾ 150% ಅಳತೆ ಇಟ್ಟ ಪರದೆಯಲ್ಲಿ ವಿಂಡೋಸೇ ಚಿತ್ರವನ್ನು ಹಿಗ್ಗಿಸ್ತದೆ. ಟಿಕೆ ಕಿಟಕಿ ಹುಟ್ಟುವ ಮೊದಲೇ ಸಿಟೈಪ್ಸ್ ಮಾಡ್ಯೂಲ್ ಮೂಲಕ ಪ್ರೊಸೆಸ್ಸಿನ ಡಿಪಿಐ ಅರಿವನ್ನು (ಪರದೆಯ ಅಳತೆ ತಾನೇ ನೋಡಿಕೊಳ್ತೇನೆ ಅನ್ನುವ ಗುರುತು) 1ಕ್ಕೆ ಇಡಿ. ಹುಟ್ಟಿದ ಮೇಲೆ ಇಟ್ಟರೆ ಆಗುದಿಲ್ಲ.

ಗೆರೆಗಾರ

ಅರ್ಧ ಮಾಡುವ ವಿಧಾನ ಹಾಕಿದೆ, ಆರೂ ಕಂಬ ಹೋದವು. ಕೋಆರ್ಡ್ಸ್‌ಗೆ ಬದಲಿಸಿದ ಮೇಲೆ ಸ್ಲೈಡರ್ ಬೆಣ್ಣೆಯಂತೆ ಸರಿಯುತ್ತೆ. ಈಗ ಕೋಸೈನ್ ಟಿ, ಸೈನ್ ಟಿ ದಾರಿಯಲ್ಲಿ ಗುಲಾಬಿ ರೇಖೆ ಮತ್ತು ಸ್ಪೈರೋಗ್ರಾಫ್ (ಹಲ್ಲಿನ ಚಕ್ರದೊಳಗೆ ಚಕ್ರ ಉರುಳಿಸಿ ಬಿಡಿಸುವ ಹೂವು) ಬಿಡಿಸುತ್ತಿದ್ದೇನೆ. ಟಿಗೆ 0.1 ಕೂಡಿಸುತ್ತಾ 2ಪೈವರೆಗೆ. ವೃತ್ತದಲ್ಲಿ ಬಲಗಡೆ ಸಣ್ಣ ಸೀಳು ಉಳಿಯುತ್ತದೆ. ಆರ್ = ಕೋಸೈನ್ 3ಥೀಟಾಗೆ ಮೂರರ ಬದಲು ಆರು ಎಸಳು. ಸ್ಪೈರೋಗ್ರಾಫ್ ಮುಚ್ಚುವುದೇ ಇಲ್ಲ.

ತ್ರಿಜ್ಯ

ಸೀಳು: 0.1ರ ಹೆಜ್ಜೆಗಳು 6.2ಕ್ಕೆ ನಿಲ್ಲುತ್ತವೆ, 2ಪೈ ಅಂದರೆ 6.283. ಉಳಿದ 0.083 ರೇಡಿಯನ್ 200 ಪಿಕ್ಸೆಲ್ ತ್ರಿಜ್ಯದಲ್ಲಿ 16 ಪಿಕ್ಸೆಲ್‌ಗೂ ಹೆಚ್ಚು. ಕೂಡಿಸುವುದನ್ನು ಬಿಡಿ, ಎಣಿಸಿ. ಐ 0ಯಿಂದ ಎನ್‌ವರೆಗೆ, ಎನ್ ಸೇರಿ; ಟಿ = 2 × ಪೈ × ಐ ÷ ಎನ್. ಎನ್ ಸೇರಿಸುವುದು ಮರೆತರೆ ಮತ್ತೆ ಸೀಳು.

ಆರು ಎಸಳು: ಎಲ್ಲೋ ಆರ್‌ನ ಚಿಹ್ನೆ ತೆಗೆದಿದ್ದೀರಿ, ದೂರ ಋಣ ಆಗಬಾರದು ಅಂತ. ಇಲ್ಲಿ ಆಗಬೇಕು. ಆರ್ ಋಣವಾದಾಗ ಬಿಂದು ಎದುರು ದಿಕ್ಕಿಗೆ ಹೋಗಿ ಹಳೆಯ ಎಸಳಿನ ಮೇಲೆಯೇ ಕೂರುತ್ತದೆ. ಎಕ್ಸ್ = ಆರ್ ಕೋಸೈನ್ ಥೀಟಾ, ವೈ = ಆರ್ ಸೈನ್ ಥೀಟಾ, ಚಿಹ್ನೆ ಮುಟ್ಟಬೇಡಿ. ಗುಣಕ ಬೆಸವಾದರೆ ಅಷ್ಟೇ ಎಸಳು, ಪೈವರೆಗೆ ಹೋದರೆ ಸಾಕು. ಸಮವಾದರೆ ಎರಡರಷ್ಟು ಎಸಳು, 2ಪೈ ಬೇಕು. ಗುಣಕ 5/3ರಂತೆ ಭಿನ್ನರಾಶಿಯಾದರೆ, ಸಂಕ್ಷೇಪಿಸಿದ ಮೇಲೆ ಅಂಶ ಛೇದ ಎರಡೂ ಬೆಸ ಇದ್ದಾಗ ಛೇದ × ಪೈ, ಇಲ್ಲದಿದ್ದರೆ ಛೇದ × 2ಪೈ.

ಸ್ಪೈರೋಗ್ರಾಫ್: ಹೊರ ಚಕ್ರ 105 ಹಲ್ಲು, ಒಳ ಚಕ್ರ 40 ಹಲ್ಲು, ಪೆನ್ನು ಕೇಂದ್ರದಿಂದ 30 ದೂರ ಎಂದುಕೊಳ್ಳಿ.

ಎಕ್ಸ್ = 65 ಕೋಸೈನ್ ಟಿ + 30 ಕೋಸೈನ್ (65/40 × ಟಿ)
ವೈ = 65 ಸೈನ್ ಟಿ − 30 ಸೈನ್ (65/40 × ಟಿ)

105 ಮತ್ತು 40ರ ಮಹತ್ತಮ ಸಾಮಾನ್ಯ ಅಪವರ್ತನ 5. 40 ÷ 5 = 8 ಸುತ್ತು ಹೋದರೆ ಮುಚ್ಚುತ್ತದೆ, 105 ÷ 5 = 21 ಎಸಳು. ಅಂದರೆ ಟಿ 16ಪೈವರೆಗೆ. ನೀವು ಎಂಟನೇ ಒಂದು ಭಾಗ ಬಿಡಿಸಿ ನಿಲ್ಲಿಸುತ್ತಿದ್ದೀರಿ. 21 ಎಸಳಿಗೆ ತಲಾ 45 ತುಂಡು ಇಟ್ಟರೆ ಸಾವಿರದೊಳಗೆ ಮುಗಿಯುತ್ತದೆ.

ಕುಂಚ_ಕ್ಯೂಟಿ

ಇದನ್ನೇ ಸಿ++ನಲ್ಲಿ ಬರೆಯುವವರಿಗೆ ಒಂದು ಮಾತು. 65/40 ಅಂತ ಪೂರ್ಣಾಂಕಗಳನ್ನೇ ಬರೆದರೆ ಉತ್ತರ 1.625 ಅಲ್ಲ, 1. ಆಗ ಸೂತ್ರ 95 ಕೋಸೈನ್ ಟಿ, 35 ಸೈನ್ ಟಿ ಆಗಿ 21 ಎಸಳಿನ ಹೂವಿನ ಬದಲು ಚಪ್ಪಟೆ ದೀರ್ಘವೃತ್ತ ಬರುತ್ತದೆ. ಅದೂ ಎಂಟು ಸಲ ಒಂದರ ಮೇಲೊಂದು. 65.0 ಅಂತ ಬರೆಯಿರಿ.

ಶೂನ್ಯಬಿಂದು

ಎಕ್ಸ್ ಘನ + ವೈ ಘನ = 6 ಎಕ್ಸ್ ವೈ ಥರದವನ್ನು ಕೇಳುವ ಮೊದಲೇ ಹೇಳಿಬಿಡುತ್ತೇನೆ, ಅಲ್ಲಿ ವೈಯನ್ನು ಬಿಡಿಸಿಕೊಳ್ಳಲು ಹೋಗಬೇಡಿ. ಎಲ್ಲವನ್ನೂ ಎಡಕ್ಕೆ ತಂದು, ಕ್ಯಾನ್ವಾಸನ್ನು 6 ಪಿಕ್ಸೆಲ್‌ನ ಚೌಕಗಳಾಗಿ ಹೆಚ್ಚಿ. 100 × 67, ಸುಮಾರು 6,700 ಚೌಕ. ಪ್ರತಿ ಮೂಲೆಯಲ್ಲಿ ಬೆಲೆ ಧನವೋ ಋಣವೋ ನೋಡಿ. ಚಿಹ್ನೆ ಬದಲಾದ ಅಂಚನ್ನು ರೇಖೆ ದಾಟಿದೆ. ಒಂದು ಮೂಲೆ −1, ಇನ್ನೊಂದು 3 ಇದ್ದರೆ ದಾಟಿದ ಜಾಗ ಮೊದಲ ಮೂಲೆಯಿಂದ ಕಾಲು ಭಾಗದಲ್ಲಿ. ದಾಟಿದ ಎರಡು ಜಾಗಗಳನ್ನು ಕೂಡಿಸಿ. ನಾಲ್ಕು ಮೂಲೆ, ಒಟ್ಟು 16 ಬಗೆ. ಎದುರುಬದುರು ಮೂಲೆಗಳು ಒಂದೇ ಚಿಹ್ನೆಯವಾದ ಎರಡು ಬಗೆಗಳಲ್ಲಿ ಮಾತ್ರ ಗೊಂದಲ. ಚೌಕದ ನಡುವಿನ ಬೆಲೆ ನೋಡಿ ತೀರ್ಮಾನಿಸಿ. ಮೇಲಿನ ರೇಖೆ ಸೊನ್ನೆಯಲ್ಲಿ ತನ್ನನ್ನೇ ದಾಟುತ್ತದೆ, ಅಲ್ಲಿ ಒಂದು ಚೌಕದಷ್ಟು ಗಂಟು ಸಡಿಲವಾಗಿ ಕಾಣುವುದು ಸಹಜ. ಮೂಲೆಯ ಬೆಲೆಗಳನ್ನು ಪಟ್ಟಿಯಲ್ಲಿಟ್ಟು ಅಕ್ಕಪಕ್ಕದ ಚೌಕಗಳಿಗೆ ಹಂಚಿ, ಇಲ್ಲದಿದ್ದರೆ ಒಂದೇ ಲೆಕ್ಕವನ್ನು ನಾಲ್ಕು ಸಲ ಮಾಡುತ್ತೀರಿ.

ಧಾರವಾಡ_ಪೇಡಾ

ಪೆಟಿಗ್ಯಾಗ ಬರದ ಸೂತ್ರಕ್ಕ ಇವ್ಯಾಲ್ (ಬರದದ್ದನ್ನ ಹಂಗ ಪೈಥಾನ್ ಕೋಡ್ ಅಂತ ಓಡಸೋದು) ಹಾಕೀರಿ ಅನಸ್ತದ. ಬಿಲ್ಟ್‌ಇನ್ಸ್ (ಪೈಥಾನಿನ ಸ್ವಂತ ಫಂಕ್ಷನ್‌ಗಳು) ಖಾಲಿ ಮಾಡಿ ಕೊಟ್ರ ಸುರಕ್ಷಿತ ಅಂತ ತಿಳ್ಕೋಬ್ಯಾಡ್ರಿ, ಅದನ್ನ ದಾಟೋ ದಾರಿ ಅದಾವ. ಎಎಸ್‌ಟಿ ಮಾಡ್ಯೂಲಿನಿಂದ ಸೂತ್ರಾನ ಓಡಸದ ತುಂಡು ತುಂಡಾಗಿ ಬಿಡಿಸಿ, ಕೂಡಿಸೋದು ಕಳಿಯೋದು, ಸಂಖ್ಯೆ, ಎಕ್ಸ್, ನೀವು ಒಪ್ಪಿದ ಫಂಕ್ಷನ್ ಹೆಸರು ಇಷ್ಟ ಇದ್ರ ಒಳಗ ಬಿಡ್ರಿ. 9ರ ಘಾತ 9ರ ಘಾತ 9 ಅಂತ ಬರದ್ರ ಎಲ್ಲಾ ಪೂರ್ಣಾಂಕ, ಪ್ರೋಗ್ರಾಮ್ ಗುಂಗಿನಾಗ ಕುಂತಬಿಡ್ತದ. ಸಂಖ್ಯೆ ಓದಿದ ಕೂಡ್ಲೆ ಫ್ಲೋಟ್ ಮಾಡಿದ್ರ ಸುಮ್ನ ಮಿತಿ ಮೀರಿದ ದೋಷ ಬರ್ತದ, ಹಿಡೀಬಹುದು. ಮತ್ತ ಮಂದಿ ವರ್ಗಕ್ಕ ಟೋಪಿ ಚಿಹ್ನೆ ಬರೀತಾರ, ಪೈಥಾನಿನಾಗ ಅದು ಘಾತ ಅಲ್ಲ, ಬಿಟ್‌ಗಳ ಎಕ್ಸಾರ್. ಓದೂ ಮೊದ್ಲ ಎರಡು ನಕ್ಷತ್ರಕ್ಕ ಬದಲಿಸ್ಕೋರಿ.

ಗೆರೆಗಾರ

21 ಎಸಳೂ ಬಂದವು, ಮುಚ್ಚಿತು. ಟೋಪಿಯನ್ನೂ ಬದಲಿಸಿದೆ. ಕೊನೆಯದೊಂದು: ಅಕ್ಷಗಳ ಹೆಸರು, ಶೀರ್ಷಿಕೆ ಕನ್ನಡದಲ್ಲಿ ಹಾಕಿದ್ದೇನೆ. ವಿಂಡೋಸ್‌ನಲ್ಲಿ ಸರಿ ಇದೆ. ಲಿನಕ್ಸ್‌ನಲ್ಲಿ "ವಕ್ರರೇಖೆ", "ಅಕ್ಷ" ಎರಡರಲ್ಲೂ ಒತ್ತಕ್ಷರ ಕೆಳಗೆ ಹೋಗದೆ ಪಕ್ಕದಲ್ಲಿ ಬಿಡಿಬಿಡಿಯಾಗಿ ನಿಂತಿದೆ.

ಕಡಲತಡಿ_ಕೋಡ್

ನಿಮ್ಮ ಕೋಡಿನ ತಪ್ಪಲ್ಲ. ಲಿನಕ್ಸಿನ ಟಿಕೆ 8.6 ಅಕ್ಷರಗಳನ್ನು ಒಂದೊಂದಾಗಿ ಇಡ್ತದೆ, ಒತ್ತು ಕೂಡಿಸುವ ಕೆಲಸ ಮಾಡುದಿಲ್ಲ. ಫಾಂಟ್ ಬದಲಿಸಿ ಉಪಯೋಗ ಇಲ್ಲ. ಶೀರ್ಷಿಕೆಯನ್ನು ಪಿಲ್ಲೋದಲ್ಲಿ ರಾಕ್ಮ್ ಲೇಔಟ್ (ಒತ್ತಕ್ಷರ ಕೂಡಿಸುವ ವ್ಯವಸ್ಥೆ) ಆರಿಸಿ ಚಿತ್ರವಾಗಿ ಬರೆದು ಕ್ಯಾನ್ವಾಸ್‌ಗೆ ಅಂಟಿಸಿ. ಅಂಕಿಗಳು ಹಾಗೇ ಇರಲಿ.

ಕುಂಚ_ಕ್ಯೂಟಿ

ಅಥವಾ ಕ್ಯೂಟಿ. ಅದರೊಳಗೆ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಲೈಬ್ರರಿ ಇದೆ, ಒತ್ತಕ್ಷರ ತಾನಾಗಿ ಕೂರುತ್ತದೆ.

ಕಡಲತಡಿ_ಕೋಡ್

ಇದೊಂದನ್ನು ಮಾತ್ರ ಒಪ್ಪಿದೆ ಮಾರಾಯ್ರೆ.